ಸೌರ ಮಾರುತದ ಕಾಂತಕ್ಷೇತ್ರ: ಸಾರ್ವಜನಿಕರಿಗೆ ಮಾಹಿತಿ

ಸೂರ್ಯನ ಹೊರ ವಾತಾವರಣದಿಂದ ನಿರಂತರವಾಗಿ ಹೊರಹೊಮ್ಮುವ ವಿದ್ಯುದಾವಿಷ್ಟ ಕಣಗಳ ಪ್ರವಾಹವನ್ನು ಸೌರ ಮಾರುತ ಎಂದು ಕರೆಯಲಾಗುತ್ತದೆ. ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 400 ಕಿ.ಮೀ. ವೇಗದಲ್ಲಿ ಚಲಿಸುವ ಈ ಮಾರುತಕ್ಕೆ 15 ಕೋಟಿ ಕಿ.ಮೀ. ದೂರದ ಭೂಮಿಯನ್ನು ತಲುಪಲು ನಾಲ್ಕು ದಿನಗಳಿಗೂ ತುಸು ಹೆಚ್ಚು ಕಾಲ ಬೇಕಾಗುತ್ತದೆ.

ಕಾಂತಕ್ಷೇತ್ರದ ಸ್ವರೂಪ

ಸೌರ ಮಾರುತವು ಸೂರ್ಯನ ಕಾಂತಕ್ಷೇತ್ರವನ್ನೂ ತನ್ನೊಡನೆ ಹೊತ್ತು ತರುತ್ತದೆ. ಕಣಗಳು ನೇರವಾಗಿ ಹೊರಕ್ಕೆ ಚಲಿಸಿದರೂ, ಬಲರೇಖೆಗಳ ಬುಡವು ತಿರುಗುತ್ತಿರುವ ಸೂರ್ಯನಲ್ಲಿಯೇ ಇರುತ್ತದೆ. ಆದುದರಿಂದ ಅಡಿಕೆ ತೋಟದ ಸ್ಪ್ರಿಂಕ್ಲರ್‌ನಿಂದ ಚಿಮ್ಮುವ ನೀರಿನಂತೆ ಈ ರೇಖೆಗಳು ಸುರುಳಿಯ ಆಕಾರ ಪಡೆಯುತ್ತವೆ. ಅಮೆರಿಕದ ವಿಜ್ಞಾನಿ ಯೂಜೀನ್ ಪಾರ್ಕರ್ ಅವರು 1958ರಲ್ಲಿ ಇದನ್ನು ವಿವರಿಸಿದರು. ಭೂಮಿಯ ಸಮೀಪದಲ್ಲಿ ಈ ಕ್ಷೇತ್ರದ ಬಲವು ಸಾಮಾನ್ಯವಾಗಿ ಸುಮಾರು 5 ನ್ಯಾನೋಟೆಸ್ಲಾ ಮಾತ್ರ. ಕರ್ನಾಟಕದ ನೆಲದ ಮೇಲೆ ಭೂಮಿಯ ಕಾಂತಕ್ಷೇತ್ರವು ಸುಮಾರು 40,000 ನ್ಯಾನೋಟೆಸ್ಲಾ ಇರುತ್ತದೆ.

ದಿಕ್ಕಿನ ಮಹತ್ವ

ಇಷ್ಟು ದುರ್ಬಲವಾಗಿದ್ದರೂ ಈ ಕ್ಷೇತ್ರದ ದಿಕ್ಕು ಮುಖ್ಯವಾದುದು. ಅದು ಉತ್ತರಾಭಿಮುಖವಾಗಿದ್ದಲ್ಲಿ ಭೂಮಿಯ ಕಾಂತಕವಚವು ಮಾರುತವನ್ನು ಬಹುಮಟ್ಟಿಗೆ ತಡೆಯುತ್ತದೆ. ದಕ್ಷಿಣಾಭಿಮುಖವಾಗಿದ್ದಲ್ಲಿ, ಎರಡೂ ಕ್ಷೇತ್ರಗಳ ಬಲರೇಖೆಗಳು ಪರಸ್ಪರ ಕೂಡಿಕೊಂಡು ಮಾರುತದ ಶಕ್ತಿಯು ಒಳನುಗ್ಗುತ್ತದೆ. ಇದರಿಂದ ಉಂಟಾಗುವುದೇ ಭೂಕಾಂತೀಯ ಬಿರುಗಾಳಿ. 1989ರ ಮಾರ್ಚ್ 13ರಂದು ಇಂತಹ ಬಿರುಗಾಳಿಯಿಂದ ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಸುಮಾರು ಒಂಬತ್ತು ಗಂಟೆಗಳ ಕಾಲ ವಿದ್ಯುತ್ ಸ್ಥಗಿತಗೊಂಡಿತ್ತು.

ಆದಿತ್ಯ-ಎಲ್1ರ ಮಾಪನ

ಸೂರ್ಯನಲ್ಲಿ ಸ್ಫೋಟವಾದುದನ್ನು ದೂರದರ್ಶಕದಿಂದ ಕಾಣಬಹುದು. ಆದರೆ ಬರುತ್ತಿರುವ ಕ್ಷೇತ್ರದ ದಿಕ್ಕನ್ನು ಮಾರುತದೊಳಗೇ ಅಳೆಯಬೇಕಾಗುತ್ತದೆ. 2023ರ ಸೆಪ್ಟೆಂಬರ್ 2ರಂದು ಉಡಾವಣೆಗೊಂಡ ಭಾರತದ ಆದಿತ್ಯ-ಎಲ್1 ನೌಕೆಯು 2024ರ ಜನವರಿ 6ರಂದು ಭೂಮಿಯಿಂದ ಸೂರ್ಯನ ದಿಕ್ಕಿಗೆ 15 ಲಕ್ಷ ಕಿ.ಮೀ. ದೂರದಲ್ಲಿರುವ ಎಲ್1 ಬಿಂದುವಿನ ಸುತ್ತಲಿನ ಕಕ್ಷೆಯನ್ನು ಸೇರಿತು. ಇದರ ಕಾಂತಮಾಪಕವನ್ನು ಬೆಂಗಳೂರಿನಲ್ಲಿರುವ ಇಸ್ರೋದ ಎಲೆಕ್ಟ್ರೋ-ಆಪ್ಟಿಕ್ಸ್ ಸಿಸ್ಟಮ್ಸ್ ಪ್ರಯೋಗಾಲಯವು ನಿರ್ಮಿಸಿದೆ. ನೌಕೆಯ ಸ್ವಂತ ಕಾಂತೀಯತೆಯು ಮಾಪನಕ್ಕೆ ಅಡ್ಡಿಯಾಗದಂತೆ ಇದರ ಸಂವೇದಕಗಳನ್ನು 6 ಮೀಟರ್ ಉದ್ದದ ತೋಳಿನ ಮೇಲೆ ಅಳವಡಿಸಲಾಗಿದೆ.

ಸಾರ್ವಜನಿಕರಿಗೆ ಇದರ ಪ್ರಸ್ತುತತೆ

2024ರ ಮೇ 10-11ರಂದು ಎರಡು ದಶಕಗಳಲ್ಲಿಯೇ ಪ್ರಬಲವಾದ ಬಿರುಗಾಳಿ ಸಂಭವಿಸಿತು. ಲಡಾಖ್‌ನ ಹಾನ್ಲೆಯಲ್ಲಿ ಆಕಾಶವು ಕೆಂಪಾಗಿ ಕಂಡಿತು. ಅಮೆರಿಕದಲ್ಲಿ ಜಿಪಿಎಸ್ ನೆರವಿನ ಟ್ರ್ಯಾಕ್ಟರ್‌ಗಳ ಬಿತ್ತನೆ ಕಾರ್ಯಕ್ಕೆ ಅಡಚಣೆಯಾಯಿತು. ಬಂಟ್ವಾಳ ತಾಲೂಕಿನ ಸಿದ್ಧಕಟ್ಟೆಯಂತಹ ಊರಿನಲ್ಲಿ ಜಮೀನಿನ ಅಳತೆಯನ್ನು ಉಪಗ್ರಹ ಆಧಾರಿತ ಉಪಕರಣದಿಂದ ಮಾಡುವಾಗಲೂ ಇಂತಹ ಸಮಯದಲ್ಲಿ ವ್ಯತ್ಯಾಸ ಬರುವ ಸಂಭವವಿರುತ್ತದೆ. ನೆಲದ ಮೇಲಿರುವವರ ಆರೋಗ್ಯಕ್ಕೆ ಇದರಿಂದ ನೇರ ಅಪಾಯವಿರುವುದಿಲ್ಲ.

ಎಲ್1ರಿಂದ ಭೂಮಿಗೆ ಸಾಮಾನ್ಯ ಮಾರುತವು ಸುಮಾರು ಒಂದು ಗಂಟೆಯಲ್ಲಿ, ವೇಗದ ಮಾರುತವು ಅರ್ಧ ಗಂಟೆಯಲ್ಲಿ ತಲುಪುತ್ತದೆ. ಉಪಗ್ರಹ ಹಾಗೂ ವಿದ್ಯುತ್ ಜಾಲದ ನಿರ್ವಾಹಕರಿಗೆ ಮುನ್ನೆಚ್ಚರಿಕೆ ವಹಿಸಲು ದೊರೆಯುವ ಕಾಲಾವಕಾಶ ಇಷ್ಟೇ ಆಗಿರುವುದರಿಂದ, ಈ ಮಾಪನವು ಅತ್ಯಂತ ಮಹತ್ವದ್ದಾಗಿರುತ್ತದೆ.