ಜಮೈಕಾದ ವನಿತಾ ಕಾಲ್ಚೆಂಡು ತಂಡ: ಅಳಿವು ಉಳಿವಿನ ಕಥನ

ವೆಸ್ಟ್ ಇಂಡೀಸ್ ಎಂಬ ಹೆಸರು ಕಿವಿಗೆ ಬಿದ್ದೊಡನೆ ನಮ್ಮ ಜನರಿಗೆ ಕ್ರಿಕೆಟ್ ನೆನಪಾಗುವುದು ಸಹಜ. ಮೈಕೇಲ್ ಹೋಲ್ಡಿಂಗ್, ಕರ್ಟ್ನಿ ವಾಲ್ಷ್ ಮೊದಲಾದವರ ಹೆಸರುಗಳು ಹಿರಿಯ ವಾಚಕರಿಗೆ ಚಿರಪರಿಚಿತ. 2013ರ ಏಪ್ರಿಲ್ 23ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಅಜೇಯ 175 ಓಟಗಳನ್ನು ಗಳಿಸಿದ ಕ್ರಿಸ್ ಗೇಲ್ ಅವರನ್ನಂತೂ ನಮ್ಮ ವಿದ್ಯಾರ್ಥಿಗಳು ಮನೆಯವರಂತೆಯೇ ಬಲ್ಲರು. ಈ ಮೂವರೂ ಜಮೈಕಾ ಎಂಬ ಒಂದೇ ದ್ವೀಪದವರು. ಆದರೆ ಪ್ರಸ್ತುತ ಲೇಖನದ ವಸ್ತು ಕ್ರಿಕೆಟ್ಟಲ್ಲ. ಅದೇ ದ್ವೀಪದ ಹೆಣ್ಣುಮಕ್ಕಳ ಕಾಲ್ಚೆಂಡು ತಂಡವೊಂದು ಹುಟ್ಟಿ, ಬೆಳೆದು, ಎರಡು ಸಲ ಕಣ್ಮುಚ್ಚಿ, ಮತ್ತೆ ಎದ್ದು ವಿಶ್ವಕಪ್ಪಿನ ಅಂಗಳದಲ್ಲಿ ನಿಂತ ವೃತ್ತಾಂತವನ್ನು ವಾಚಕರ ಮುಂದಿಡುವುದು ನಮ್ಮ ಉದ್ದೇಶ.

ಕೆರಿಬಿಯನ್ ಸಮುದ್ರದಲ್ಲಿರುವ ಜಮೈಕಾದ ವಿಸ್ತೀರ್ಣ ಸುಮಾರು 11,000 ಚದರ ಕಿಲೋಮೀಟರು; ಜನಸಂಖ್ಯೆ ಸುಮಾರು 28 ಲಕ್ಷ. 1962ರ ಆಗಸ್ಟ್ 6ರಂದು ಬ್ರಿಟಿಷರ ಆಳ್ವಿಕೆಯಿಂದ ಬಿಡುಗಡೆ ಹೊಂದಿದ ಈ ರಾಷ್ಟ್ರದಲ್ಲಿ ಆಟೋಟಗಳ ನಿಜವಾದ ತವರು ಶಾಲೆಯೇ ಆಗಿದೆ. ಪ್ರೌಢಶಾಲೆಗಳ ಗಂಡುಮಕ್ಕಳ ಓಟದ ಸ್ಪರ್ಧೆಗಳು ಅಲ್ಲಿ 1910ರಿಂದಲೂ ನಡೆದುಬಂದಿವೆ; ಹೆಣ್ಣುಮಕ್ಕಳಿಗಾಗಿ 1957ರಲ್ಲಿ ಪ್ರತ್ಯೇಕ ಸ್ಪರ್ಧೆಗಳು ಆರಂಭವಾದವು. ಆ ಶಾಲಾ ಕೂಟವನ್ನು ನೋಡಲು ರಾಷ್ಟ್ರೀಯ ಕ್ರೀಡಾಂಗಣವೇ ತುಂಬುತ್ತದೆ. ಇದರ ಫಲವು 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಜಗತ್ತಿಗೇ ಕಾಣಿಸಿತು. ವನಿತೆಯರ ನೂರು ಮೀಟರು ಓಟದಲ್ಲಿ ಶೆಲ್ಲಿ ಆ್ಯನ್ ಫ್ರೇಸರ್ ಚಿನ್ನ ಗೆದ್ದರೆ, ಆಕೆಯ ಹಿಂದೆ ಒಂದೇ ಸಮಯದಲ್ಲಿ ಗುರಿ ಮುಟ್ಟಿದ ಶೆರೋನ್ ಸಿಂಪ್ಸನ್, ಕೆರಾನ್ ಸ್ಟುವರ್ಟ್ ಇಬ್ಬರಿಗೂ ಬೆಳ್ಳಿ ದೊರೆಯಿತು. ಮೂರು ಪದಕಗಳೂ ಒಂದೇ ಚಿಕ್ಕ ದ್ವೀಪಕ್ಕೆ!

ಕಾಲ್ಚೆಂಡಾಟದಲ್ಲಿಯೂ ಗಂಡುಮಕ್ಕಳಿಗೆ ಇಂತಹುದೇ ಪರಂಪರೆಯಿದೆ. ಮ್ಯಾನಿಂಗ್ ಕಪ್ ಎಂಬ ಶಾಲಾ ಪಂದ್ಯಾವಳಿ 1909ರಷ್ಟು ಹಳೆಯದು. ಹೆಣ್ಣುಮಕ್ಕಳ ಕಾಲ್ಚೆಂಡಾಟಕ್ಕೆ ಮಾತ್ರ ಅಷ್ಟು ಆಳವಾದ ಬೇರು ಇರಲಿಲ್ಲ. ಓಡುವ ಹುಡುಗಿಯನ್ನು ಊರೇ ಹರಸುತ್ತಿತ್ತು. ಚೆಂಡನ್ನೊದೆಯುವ ಹುಡುಗಿಯನ್ನು ಮನೆಯವರೇ ತಡೆಯುತ್ತಿದ್ದರು. ಮುಂದೆ ತಂಡದ ನಾಯಕಿಯಾದ ಖದೀಜಾ ಷಾ ಅವರ ತಾಯಿಯೂ ಮೊದಮೊದಲು ಮಗಳ ಆಟಕ್ಕೆ ಒಪ್ಪಿರಲಿಲ್ಲ.

1991ರಲ್ಲಿ ಉತ್ತರ ಹಾಗೂ ಮಧ್ಯ ಅಮೆರಿಕ ಮತ್ತು ಕೆರಿಬಿಯನ್ ರಾಷ್ಟ್ರಗಳ ಒಕ್ಕೂಟವಾದ ಕಾನ್ಕಕಾಫ್, ವನಿತೆಯರಿಗಾಗಿ ಹೈಟಿಯಲ್ಲಿ ಪಂದ್ಯಾವಳಿಯನ್ನು ಏರ್ಪಡಿಸಿದಾಗ ಜಮೈಕಾ ಮೊದಲ ಬಾರಿಗೆ ಕಣಕ್ಕಿಳಿಯಿತು. ಆ ಆರಂಭದ ವರ್ಷಗಳಲ್ಲಿ ಅಮೆರಿಕ, ಕೆನಡಾಗಳಂತಹ ಬಲಿಷ್ಠರ ಮುಂದೆ ಭಾರಿ ಅಂತರದ ಸೋಲುಗಳೇ ಹೆಚ್ಚಾಗಿದ್ದವು. ಆದರೂ ಪ್ರಗತಿ ಇರದಿರಲಿಲ್ಲ. 2006ರ ಪ್ರಾದೇಶಿಕ ಗೋಲ್ಡ್ ಕಪ್ಪಿನಲ್ಲಿ ಈ ತಂಡ ನಾಲ್ಕನೆಯ ಸ್ಥಾನ ಪಡೆದುದು ಗಮನಾರ್ಹವಾಗಿದೆ. ಆದರೆ 2008ರ ಒಲಿಂಪಿಕ್ಸಿಗೆ ಅರ್ಹತೆ ದೊರೆಯದೆ ಹೋದುದೇ ನೆಪವಾಯಿತು. ತಂಡದ ಚಟುವಟಿಕೆ ನಿಂತಿತು. 2010ರ ಹೊತ್ತಿಗೆ ರಾಷ್ಟ್ರೀಯ ಕಾಲ್ಚೆಂಡು ಸಂಸ್ಥೆ ಹಣದ ನೆರವನ್ನೂ ನಿಲ್ಲಿಸಿತು. ತನ್ನ ಹೆಣ್ಣುಮಕ್ಕಳು ಬೀಜಿಂಗಿನಲ್ಲಿ ಜಗತ್ತನ್ನೇ ಬೆರಗುಗೊಳಿಸಿದ ವರ್ಷದಲ್ಲಿಯೇ ಒಂದು ದೇಶ ಅದೇ ಹೆಣ್ಣುಮಕ್ಕಳ ಇನ್ನೊಂದು ಆಟಕ್ಕೆ ಬಾಗಿಲು ಮುಚ್ಚತೊಡಗಿತೆಂಬುದು ವಿಚಿತ್ರವಾಗಿ ತೋರುತ್ತದೆ. ದೇಹಶಕ್ತಿಯ ಕೊರತೆಯೆಂದು ಯಾರೂ ಹೇಳುವಂತಿರಲಿಲ್ಲ, ಕೊರತೆಯಿದ್ದುದು ಏರ್ಪಾಟಿನಲ್ಲಿ.

ಇಲ್ಲಿ ವಿಶ್ವ ಶ್ರೇಯಾಂಕದ ವ್ಯವಸ್ಥೆಯ ಬಗೆಗೆ ಎರಡು ಮಾತು ಹೇಳುವುದು ಅವಶ್ಯಕ. ಅಂತಾರಾಷ್ಟ್ರೀಯ ಸಂಸ್ಥೆಯಾದ ಫಿಫಾ ಪ್ರತಿಯೊಂದು ದೇಶದ ತಂಡಕ್ಕೂ ಅದು ಆಡಿದ ಪಂದ್ಯಗಳ ಫಲಿತಾಂಶದ ಮೇರೆಗೆ ಅಂಕ ನೀಡುತ್ತದೆ. ದೀರ್ಘಕಾಲ ಆಡದೇ ಉಳಿದ ತಂಡದ ಹೆಸರನ್ನು ಪಟ್ಟಿಯಿಂದಲೇ ತೆಗೆದುಹಾಕಲಾಗುತ್ತದೆ. ಪಟ್ಟಿಯಲ್ಲಿ ಇಲ್ಲದ ತಂಡವನ್ನು ಸ್ನೇಹಪಂದ್ಯಕ್ಕೆ ಕರೆಯುವವರು ವಿರಳ; ಪಂದ್ಯಗಳಿಲ್ಲದ ತಂಡಕ್ಕೆ ಪ್ರಾಯೋಜಕರು ಸಿಗುವುದು ಕಷ್ಟ; ಪ್ರಾಯೋಜಕರಿಲ್ಲದಿದ್ದರೆ ಪಂದ್ಯಗಳಿಲ್ಲ. ಹೀಗೆ ಒಮ್ಮೆ ಕುಸಿದ ತಂಡ ತಾನಾಗಿ ಏಳಲಾರದು. ಜಮೈಕಾದ ವನಿತಾ ತಂಡದ ಹೆಸರು ಶ್ರೇಯಾಂಕ ಪಟ್ಟಿಯಿಂದ ಮಾಯವಾದುದು ಹೀಗೆಯೇ.

ಪುನರುಜ್ಜೀವನದ ಪ್ರಸಂಗ ಒಂದು ಕಾಗದದ ಚೂರಿನಿಂದ ಮೊದಲಾಯಿತೆಂದರೆ ವಾಚಕರಿಗೆ ಅಚ್ಚರಿಯಾಗಬಹುದು. 2014ರಲ್ಲಿ, ಸುಪ್ರಸಿದ್ಧ ಗಾಯಕ ದಿವಂಗತ ಬಾಬ್ ಮಾರ್ಲಿ ಅವರ ಪುತ್ರಿ ಸೆಡೆಲಾ ಮಾರ್ಲಿ ಅವರ ಮಗ ಶಾಲೆಯಿಂದ ಒಂದು ಕರಪತ್ರವನ್ನು ಮನೆಗೆ ತಂದನು. ಜಮೈಕಾದ ವನಿತಾ ಕಾಲ್ಚೆಂಡು ತಂಡಕ್ಕೆ ಸಹಾಯ ಮಾಡಿರೆಂಬ ವಿನಂತಿ ಅದರಲ್ಲಿತ್ತು. ಇಂತಹ ವಿನಂತಿ ಪತ್ರಗಳು ಮಕ್ಕಳ ಚೀಲದಲ್ಲಿ ಮನೆಗೆ ಹೋಗಿ ಬಹುಪಾಲು ಅಲ್ಲಿಯೇ ಮುದುಡಿ ಹೋಗುವುವೆಂಬುದು ಶಾಲೆಗಳನ್ನು ನಡೆಸುವವರಿಗೆಲ್ಲ ಗೊತ್ತಿರುವ ಸಂಗತಿ. ಆಕೆ ಮಾತ್ರ ಅದನ್ನು ಓದಿ, ಇಂತಹ ತಂಡವೊಂದು ಇರುವುದು ತನಗೇ ತಿಳಿದಿಲ್ಲವಲ್ಲ ಎಂದು ಬೆರಗಾಗಿ, ವಿಚಾರಿಸಿ, ಹೊಣೆಯನ್ನು ಹೊತ್ತುಕೊಂಡರು. ತಮ್ಮ ತಂದೆಯ ಹೆಸರಿನ ಪ್ರತಿಷ್ಠಾನದಿಂದ ಹಣ ಒದಗಿಸಿದರು. ಸೋದರರಾದ ಸ್ಟೀಫನ್, ಡೇಮಿಯನ್ ಅವರೊಡನೆ ಹಾಡೊಂದನ್ನು ಹೊರತಂದು ಸಾರ್ವಜನಿಕರಿಂದ ನಿಧಿ ಸಂಗ್ರಹಿಸಿದರು. ಬಾಬ್ ಮಾರ್ಲಿಗೆ ಹಾಡಿನಷ್ಟೇ ಕಾಲ್ಚೆಂಡಿನ ಹುಚ್ಚೂ ಇತ್ತೆಂಬುದು ಪ್ರಸಿದ್ಧವೇ ಆಗಿದೆ.

ತಂಡ ಮತ್ತೆ ಮೈದಾನಕ್ಕೆ ಬಂದಿತು. ಆದರೆ 2015ರ ವಿಶ್ವಕಪ್ಪಿಗೆ ಅರ್ಹತೆ ಸಿಗಲಿಲ್ಲ. 2016ರ ಒಲಿಂಪಿಕ್ಸಿಗೂ ಸಿಗಲಿಲ್ಲ. ಸಂಸ್ಥೆ ಎರಡನೆಯ ಬಾರಿ ಕೈಬಿಟ್ಟಿತು. ಸೋತೊಡನೆ ಮುಚ್ಚುವುದು, ದಾನಿಗಳು ಬಂದರೆ ತೆರೆಯುವುದು ಒಂದು ರೂಢಿಯೇ ಆಯಿತೆಂದರೆ ಕಟುವಾದೀತು, ಆದರೂ ಸುಳ್ಳಾಗದು. ಸೆಡೆಲಾ ಮಾರ್ಲಿ ಹಿಂದೆ ಸರಿಯಲಿಲ್ಲ. ಅಮೆರಿಕದಲ್ಲಿ ಯುವಕ್ರೀಡಾಪಟುಗಳಿಗೆ ತರಬೇತಿ ನೀಡುತ್ತಿದ್ದ ಹ್ಯೂ ಮೆಂಜಿಸ್ ಅವರು ವೇತನವಿಲ್ಲದೆ ಮುಖ್ಯ ತರಬೇತುದಾರರಾಗಿ ದುಡಿಯಲೊಪ್ಪಿದರು. ಲೋರ್ನ್ ಡೊನಾಲ್ಡ್‌ಸನ್ ಅವರಿಗೆ ಸಹಾಯಕರಾದರು.

ಆಟಗಾರ್ತಿಯರು ಎಲ್ಲಿಂದ ಬಂದರೆಂಬುದನ್ನೂ ಗಮನಿಸಬೇಕು. ಒಂದು ಪಾಲು ಅಮೆರಿಕ, ಇಂಗ್ಲೆಂಡ್, ಕೆನಡಾಗಳಲ್ಲಿ ನೆಲೆಸಿದ ಜಮೈಕನ್ ಕುಟುಂಬಗಳ ಹೆಣ್ಣುಮಕ್ಕಳು. ಇನ್ನೊಂದು ಪಾಲು ದ್ವೀಪದಲ್ಲಿಯೇ ಹುಟ್ಟಿ, ಅಮೆರಿಕದ ಕಾಲೇಜುಗಳ ವಿದ್ಯಾರ್ಥಿವೇತನ ಪಡೆದು ಅಲ್ಲಿ ಓದುತ್ತ ಆಡಿದವರು. ಅಮೆರಿಕದಲ್ಲಿ 1972ರ ಶಿಕ್ಷಣ ಕಾನೂನು, ಸರ್ಕಾರದ ನೆರವು ಪಡೆಯುವ ವಿದ್ಯಾಸಂಸ್ಥೆಗಳು ಲಿಂಗಭೇದ ಮಾಡಕೂಡದೆಂದು ವಿಧಿಸಿದ್ದರಿಂದ, ಅಲ್ಲಿಯ ಕಾಲೇಜುಗಳಲ್ಲಿ ಹುಡುಗಿಯರ ಕ್ರೀಡೆಗೆ ಮೈದಾನ, ತರಬೇತಿ, ವಿದ್ಯಾರ್ಥಿವೇತನಗಳೆಲ್ಲ ವಿಪುಲವಾಗಿ ಬೆಳೆದವು. ಒಂದು ದೇಶದ ಶಾಲಾ ಕಾನೂನು ಮತ್ತೊಂದು ದೇಶದ ರಾಷ್ಟ್ರೀಯ ತಂಡವನ್ನು ಪೋಷಿಸಿದ ಉದಾಹರಣೆಯಿದು. ಸ್ಪ್ಯಾನಿಷ್ ಟೌನಿನ ಬಡ ಕುಟುಂಬವೊಂದರಲ್ಲಿ ಹದಿಮೂರು ಮಕ್ಕಳ ಪೈಕಿ ಕೊನೆಯವರಾಗಿ 1997ರಲ್ಲಿ ಜನಿಸಿದ ಖದೀಜಾ ಷಾ, ಹಿಂಸೆಯಲ್ಲಿ ಸೋದರರನ್ನು ಕಳೆದುಕೊಂಡ ದುಃಖದ ನಡುವೆಯೇ ಟೆನೆಸೀ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮುಂದುವರಿಸಿ ಪದವಿ ಪಡೆದರು. ಇಂಗ್ಲೆಂಡಿನ ಗಾರ್ಡಿಯನ್ ಪತ್ರಿಕೆ 2018ರ ವರ್ಷದ ಕಾಲ್ಚೆಂಡಾಟಗಾರ್ತಿಯೆಂದು ಆಕೆಯನ್ನು ಆರಿಸಿತು.

2018ರ ಅಕ್ಟೋಬರ್ 17ರಂದು ಟೆಕ್ಸಾಸಿನ ಫ್ರಿಸ್ಕೋ ನಗರದಲ್ಲಿ ಪನಾಮಾದೊಡನೆ ನಿರ್ಣಾಯಕ ಪಂದ್ಯ. ಗೆದ್ದವರಿಗೆ ನೇರವಾಗಿ ವಿಶ್ವಕಪ್ಪು. ಹೆಚ್ಚುವರಿ ಸಮಯ ಮುಗಿದಾಗಲೂ 2-2. ಪೆನಾಲ್ಟಿ ಒದೆತಗಳ ಮುನ್ನ ಗೋಲ್‌ಕೀಪರನ್ನೇ ಬದಲಿಸಿ ನಿಕೋಲ್ ಮೆಕ್ಲೂರ್ ಅವರನ್ನು ನಿಲ್ಲಿಸಲಾಯಿತು. ಆಕೆ ಎರಡು ಒದೆತಗಳನ್ನು ತಡೆದರು. ಡೊಮಿನಿಕ್ ಬಾಂಡ್ ಫ್ಲಾಸಾ ಕೊನೆಯ ಚೆಂಡನ್ನು ಬಲೆಗೆ ಸೇರಿಸಿದಾಗ, ವನಿತೆಯರ ವಿಶ್ವಕಪ್ಪಿಗೆ ಅರ್ಹತೆ ಪಡೆದ ಮೊದಲ ಕೆರಿಬಿಯನ್ ರಾಷ್ಟ್ರವೆಂಬ ಕೀರ್ತಿ ಜಮೈಕಾಕ್ಕೆ ಸಂದಿತು.

2019ರಲ್ಲಿ ಫ್ರಾನ್ಸಿನಲ್ಲಿ ಮೂರೂ ಪಂದ್ಯಗಳಲ್ಲಿ ಸೋಲು: ಬ್ರೆಜಿಲ್ ವಿರುದ್ಧ 0-3, ಇಟಲಿ ವಿರುದ್ಧ 0-5, ಆಸ್ಟ್ರೇಲಿಯಾ ವಿರುದ್ಧ 1-4. ಆ ಒಂದೇ ಗೋಲನ್ನು ಗಳಿಸಿದವರು ಹವಾನಾ ಸೊಲೌನ್. ಹಿಂದಿನ ಲೆಕ್ಕದಂತೆ ಮತ್ತೆ ಬಾಗಿಲು ಮುಚ್ಚುವ ಕಾಲ. ಈ ಸಲ ಹಾಗಾಗಲಿಲ್ಲ. ಬದಲಾಗಿ, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಆಟಗಾರ್ತಿಯರೇ ತಮಗೆ ಬರಬೇಕಾದ ಹಣ ಸಲ್ಲುವವರೆಗೆ ಆಡುವುದಿಲ್ಲವೆಂದು ಬಹಿರಂಗವಾಗಿ ಸಾರಿದರು. ಅಲ್ಲಿಯವರೆಗೆ ಉಪಕಾರ ಪಡೆಯುವವರಾಗಿದ್ದವರು ಬಾಕಿ ಕೇಳುವವರಾದುದು ಈ ಇತಿಹಾಸದಲ್ಲಿ ಪೆನಾಲ್ಟಿ ಗೆಲುವಿನಷ್ಟೇ ದೊಡ್ಡ ತಿರುವೆಂದು ನಮಗೆ ತೋರುತ್ತದೆ.

ದಾನವು ವಿಮಾನದ ಟಿಕೇಟನ್ನು ಕೊಳ್ಳಬಲ್ಲದು, ಸಮವಸ್ತ್ರ ಹೊಲಿಸಬಲ್ಲದು, ಒಂದು ತಿಂಗಳ ಶಿಬಿರವನ್ನು ನಡೆಸಬಲ್ಲದು. ಸೆಡೆಲಾ ಮಾರ್ಲಿ ಇಲ್ಲದಿದ್ದರೆ ಈ ತಂಡವೇ ಇರುತ್ತಿರಲಿಲ್ಲವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹನ್ನೆರಡು ವರ್ಷದ ಹುಡುಗಿಗೆ ವಾರಕ್ಕೆ ಮೂರು ಸಂಜೆ ಮೈದಾನ ದೊರಕುವುದು, ಗಾಯಗೊಂಡವಳಿಗೆ ವೈದ್ಯರು ದೊರಕುವುದು, ಪಂದ್ಯಗಳ ವೇಳಾಪಟ್ಟಿ ಒಂದು ವರ್ಷ ಮುಂಚೆಯೇ ಸಿದ್ಧವಾಗುವುದು, ಇವೆಲ್ಲ ಯಾರೋ ಪುಣ್ಯಾತ್ಮರ ಕೃಪೆಯಿಂದಲ್ಲ, ಸಂಸ್ಥೆಯ ವಾರ್ಷಿಕ ಆಯವ್ಯಯದಿಂದ ಆಗಬೇಕಾದ ಕೆಲಸಗಳು. ದಾನ ಬಂದಿತೆಂದು ಸಂಸ್ಥೆ ತನ್ನ ಪಾಲನ್ನು ಹಿಂತೆಗೆದುಕೊಂಡರೆ ದಾನಿಯ ಶ್ರಮ ಬಸಿದು ಹೋಗುತ್ತದೆ.

2022ರ ಜುಲೈಯಲ್ಲಿ ಮೆಕ್ಸಿಕೋದ ಮಾಂಟೆರ್ರೇ ನಗರದಲ್ಲಿ ಆತಿಥೇಯರನ್ನೇ 1-0 ರಿಂದಲೂ, ಹೈಟಿಯನ್ನು 4-0 ರಿಂದಲೂ ಸೋಲಿಸಿ ಜಮೈಕಾ ಎರಡನೆಯ ಬಾರಿ ವಿಶ್ವಕಪ್ಪಿಗೆ ಅರ್ಹತೆ ಪಡೆಯಿತು. ಆದರೂ 2023ರ ಜೂನಿನಲ್ಲಿ, ಪಂದ್ಯಾವಳಿಗೆ ಇನ್ನೊಂದು ತಿಂಗಳಿರುವಾಗ, ಆಟಗಾರ್ತಿಯರು ಬಹಿರಂಗ ಪತ್ರವೊಂದನ್ನು ಪ್ರಕಟಿಸಬೇಕಾಯಿತು. ಪ್ರಯಾಣ, ವಸತಿ, ಆಹಾರ, ತರಬೇತಿ, ವೇತನ, ಎಲ್ಲದರಲ್ಲಿಯೂ ಅವ್ಯವಸ್ಥೆಯೆಂಬುದು ಅವರ ದೂರು. ಆಟಗಾರ್ತಿಯೊಬ್ಬರ ತಾಯಿ ಸಾರ್ವಜನಿಕರಿಂದ ಚಂದಾ ಎತ್ತಿದರು. ವಿಶ್ವಕಪ್ಪಿಗೆ ಹೊರಟ ರಾಷ್ಟ್ರೀಯ ತಂಡಕ್ಕಾಗಿ ತಾಯಿಯೊಬ್ಬಳು ಚಂದಾ ಎತ್ತುವುದನ್ನು ಹೆಮ್ಮೆಯೆನ್ನಬೇಕೋ ನಾಚಿಕೆಯೆನ್ನಬೇಕೋ ವಾಚಕರೇ ನಿರ್ಧರಿಸಲಿ.

ಆ ವಿಶ್ವಕಪ್ಪು ನಡೆದುದು ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ. ಆಗ ಶ್ರೇಯಾಂಕದಲ್ಲಿ ಜಮೈಕಾ 43ನೆಯದು. ಫ್ರಾನ್ಸ್ 5ನೆಯದು, ಬ್ರೆಜಿಲ್ 8ನೆಯದು. ಮುಖ್ಯ ತರಬೇತುದಾರರಾಗಿದ್ದ ಡೊನಾಲ್ಡ್‌ಸನ್ ತಮ್ಮ ಬಲಾಬಲವನ್ನು ಚೆನ್ನಾಗಿ ಅರಿತಿದ್ದರು. ಎದುರಾಳಿಯೊಡನೆ ಚೆಂಡಿಗಾಗಿ ಸೆಣಸುವುದಕ್ಕಿಂತ ತಮ್ಮ ಗೋಲಿನ ಮುಂದೆ ಅಚ್ಚುಕಟ್ಟಾದ ಕೋಟೆ ಕಟ್ಟುವುದೇ ಅವರ ತಂತ್ರವಾಗಿತ್ತು. ಜುಲೈ 23ರಂದು ಸಿಡ್ನಿಯಲ್ಲಿ ಫ್ರಾನ್ಸ್ ವಿರುದ್ಧ 0-0. ಪಂದ್ಯದ ಅಂತ್ಯದಲ್ಲಿ ಷಾ ಅವರಿಗೆ ಕೆಂಪು ಪತ್ರ ತೋರಿಸಿದ್ದರಿಂದ ಮುಂದಿನ ಪಂದ್ಯಕ್ಕೆ ನಾಯಕಿಯೇ ಇಲ್ಲ. ಆದರೂ ಪರ್ತ್ ನಗರದಲ್ಲಿ ಅಲಿಸನ್ ಸ್ವಾಬಿ ತಲೆಯಿಂದ ಹೊಡೆದ ಗೋಲಿನಿಂದ ಪನಾಮಾ 1-0 ರಲ್ಲಿ ಸೋತಿತು. ವಿಶ್ವಕಪ್ಪಿನಲ್ಲಿ ಈ ತಂಡದ ಮೊದಲ ಜಯವಿದು.

ಆಗಸ್ಟ್ 2ರಂದು ಮೆಲ್ಬರ್ನಿನಲ್ಲಿ ಬ್ರೆಜಿಲ್ ಎದುರಾಳಿ. ನಮ್ಮಲ್ಲಿ ಮಧ್ಯಾಹ್ನ ಮೂರೂವರೆ ಗಂಟೆ. ಶಾಲೆಗಳಲ್ಲಿ ಕೊನೆಯ ಪಾಠಗಳು ನಡೆಯುತ್ತಿರುವ ಹೊತ್ತು. ಬ್ರೆಜಿಲ್ಲಿಗೆ ಗೆಲ್ಲಲೇಬೇಕಾದ ಪಂದ್ಯ; ಜಮೈಕಾಕ್ಕೆ ಸಮ ಮಾಡಿಕೊಂಡರೆ ಸಾಕು. ಅಲೆಅಲೆಯಾಗಿ ಬಂದ ಆಕ್ರಮಣವನ್ನು ಗೋಲ್‌ಕೀಪರ್ ರೆಬೆಕಾ ಸ್ಪೆನ್ಸರ್ ಹಾಗೂ ಅವರ ಮುಂದಿನ ರಕ್ಷಣಾ ಪಡೆ ಕೊನೆಯ ಶಿಳ್ಳೆಯವರೆಗೂ ತಡೆದುನಿಲ್ಲಿಸಿದವು. 0-0. ಮಹಾನ್ ಆಟಗಾರ್ತಿ ಮಾರ್ತಾ ಅವರ ಕಡೆಯ ವಿಶ್ವಕಪ್ ಪಂದ್ಯ ಅದಾಯಿತು. ಗುಂಪಿನ ಮೂರು ಪಂದ್ಯಗಳಲ್ಲಿ ಒಂದೂ ಗೋಲನ್ನು ಬಿಟ್ಟುಕೊಡದೆ ಜಮೈಕಾ ಕೊನೆಯ ಹದಿನಾರರ ಸುತ್ತನ್ನು ಸೇರಿತು. 1998ರಲ್ಲಿ ವಿಶ್ವಕಪ್ ಆಡಿದ್ದ ಆ ದೇಶದ ಪುರುಷರ ತಂಡಕ್ಕೂ ಇದು ಸಾಧ್ಯವಾಗಿರಲಿಲ್ಲ. ಆಗಸ್ಟ್ 8ರಂದು ಕೊಲಂಬಿಯಾದ ಕತಾಲಿನಾ ಉಸ್ಮೆ ಹೊಡೆದ ಏಕೈಕ ಗೋಲಿನಿಂದ ಅವರ ಪಯಣ ಮುಗಿಯಿತು.

ಊರಿಗೆ ಮರಳಿದ ಮೇಲೆ ಪರಿಸ್ಥಿತಿ ಸುಧಾರಿಸಿತೇ ಎಂದು ವಾಚಕರು ಕೇಳಬಹುದು. ಅದೇ ವರ್ಷದ ಅಕ್ಟೋಬರಿನಲ್ಲಿ, ಹಣದ ಬಾಕಿ ಮತ್ತು ಸಂಸ್ಥೆಯ ನಡವಳಿಕೆಯ ಕಾರಣ ನೀಡಿ ವಿಶ್ವಕಪ್ ಆಡಿದ್ದ ಆಟಗಾರ್ತಿಯರು ಪ್ರಾದೇಶಿಕ ಅರ್ಹತಾ ಪಂದ್ಯಗಳಿಂದ ದೂರ ಉಳಿದರು. ಡೊನಾಲ್ಡ್‌ಸನ್ ಅಮೆರಿಕದ ವೃತ್ತಿಪರ ತಂಡವೊಂದಕ್ಕೆ ತೆರಳಿದರು. 2024ರ ಆರಂಭದಲ್ಲಿ ಅಮೆರಿಕದಲ್ಲಿ ಹನ್ನೆರಡು ರಾಷ್ಟ್ರಗಳ ವನಿತಾ ಗೋಲ್ಡ್ ಕಪ್ ನಡೆದಾಗ ಜಮೈಕಾದ ಹೆಸರು ಅದರಲ್ಲಿರಲಿಲ್ಲ. ಖದೀಜಾ ಷಾ ಆ ಋತುವಿನಲ್ಲಿ ಮ್ಯಾಂಚೆಸ್ಟರ್ ಸಿಟಿ ಪರವಾಗಿ 21 ಗೋಲುಗಳನ್ನು ಗಳಿಸಿ ಇಂಗ್ಲೆಂಡಿನ ಅಗ್ರ ವನಿತಾ ಲೀಗಿನಲ್ಲಿ ಎಲ್ಲರಿಗಿಂತ ಮುಂದಿದ್ದರು.