ಸಂಭ್ರಮ: ಒಂದು ಪದದ ಸುತ್ತಲಿನ ತಪ್ಪು ಕಲ್ಪನೆಗಳು

ಹಬ್ಬ, ಮದುವೆ, ಜಾತ್ರೆ, ಗೆಲುವು ಎಂಬ ಮಾತುಗಳ ಬೆನ್ನಿಗೇ ಬರುವ ‘ಸಂಭ್ರಮ’ವು ಸಂಸ್ಕೃತದಿಂದ ಬಂದ ಪದವಾದ್ದರಿಂದ, ಅಲ್ಲಿಯೂ ಅದಕ್ಕೆ ಉಲ್ಲಾಸವೆಂಬ ಅರ್ಥವೇ ಮುಖ್ಯವಾಗಿರಬೇಕೆಂದು ಕನ್ನಡ ಓದುಗರಲ್ಲಿ ಬಹುಮಂದಿ ಭಾವಿಸಿದ್ದಾರೆ. ವಾಸ್ತವ ಹಾಗಿಲ್ಲ. ಈ ಪದದ ಮೂಲದಲ್ಲಿರುವ ‘ಭ್ರಮ್’ ಧಾತುವಿಗೆ ಸುತ್ತುವುದು, ಅಲೆಯುವುದು ಎಂಬ ಅರ್ಥವಿದ್ದು, ಭ್ರಮೆ, ವಿಭ್ರಮ, ಪರಿಭ್ರಮಣ ಎಂಬ ಪದಗಳೂ ಅದೇ ಧಾತುವಿನಿಂದ ಹುಟ್ಟಿವೆ. ಆದ್ದರಿಂದ ಸಂಸ್ಕೃತದ ಸಂಭ್ರಮವೆಂದರೆ ಮೊದಲಿಗೆ ಗಡಿಬಿಡಿ, ತಳಮಳ, ಆತುರ. ಅಮರಕೋಶದ ನಾಟ್ಯವರ್ಗವು ಸಂವೇಗ ಮತ್ತು ಸಂಭ್ರಮಗಳನ್ನು ಸಮಾನಾರ್ಥಕಗಳೆಂದು ಹೇಳುತ್ತದೆ. ಹತ್ತನೆಯ ಶತಮಾನದ ಧನಂಜಯನ ದಶರೂಪಕವಂತೂ ಗರ್ಭಸಂಧಿಯ, ಅಂದರೆ ನಾಟಕದಲ್ಲಿ ಫಲವು ಕೈಗೆ ಸಿಕ್ಕಂತೆಯೂ ತಪ್ಪಿದಂತೆಯೂ ತೋರುವ ನಡುಘಟ್ಟದ, ಅಂಗಗಳಲ್ಲಿ ಸಂಭ್ರಮವನ್ನು ಸೇರಿಸಿ, ಶಂಕೆಯೂ ಹೆದರಿಕೆಯೂ ಅದರ ಲಕ್ಷಣವೆಂದು ವಿವರಿಸುತ್ತದೆ.

ಕಾಳಿದಾಸನ ಶಾಕುಂತಲದ ಮೊದಲ ಅಂಕದಲ್ಲಿ ಜಿಂಕೆಗೆ ಬಾಣ ಹೂಡಿದ ದುಷ್ಯಂತನಿಗೆ ತಪಸ್ವಿಗಳು ಅಡ್ಡ ಬಂದರೆಂದು ಸಾರಥಿ ತಿಳಿಸಿದಾಗ, ಕುದುರೆಗಳನ್ನು ತಡೆಯೆಂದು ರಾಜನು ಹೇಳುವ ಮಾತಿನ ಮುಂದೆ ‘ಸಸಂಭ್ರಮಂ’ ಎಂಬ ರಂಗಸೂಚನೆ ಇದೆ. ಇದನ್ನು ಕನ್ನಡದ ಅರ್ಥದಲ್ಲಿ ಓದಿಕೊಂಡರೆ ಬೇಟೆ ತಪ್ಪಿದ್ದಕ್ಕೆ ರಾಜನು ಹಿಗ್ಗಿದನೆಂದಾಗಿ ಇಡೀ ಸನ್ನಿವೇಶವೇ ಕೆಡುತ್ತದೆ. ಅಲ್ಲಿರುವುದು ಬೆಚ್ಚಿಬಿದ್ದವನ ಅವಸರ.

ನೆರೆಯ ಭಾಷೆಗಳು ಈ ಪದವನ್ನು ತಮ್ಮ ತಮ್ಮ ದಾರಿಯಲ್ಲಿ ಒಯ್ದಿವೆ. ಮರಾಠಿ ಪತ್ರಿಕೆಗಳಲ್ಲಿ ಇಂದಿಗೂ ಸಂಭ್ರಮವೆಂದರೆ ಗೊಂದಲ, ಮಲಯಾಳದಲ್ಲಿ ಕಳವಳ, ಬಂಗಾಳಿಯಲ್ಲಿ ಗೌರವ, ಮಾನಮರ್ಯಾದೆ. ತೆಲುಗಿನ ‘ಸಂಬರಂ’ ಮಾತ್ರ ಕನ್ನಡದಂತೆ ಹಬ್ಬದ ಕಡೆಗೆ ತಿರುಗಿದೆ.

ಇಷ್ಟನ್ನು ಅರಿತ ಕೆಲವರು ಇನ್ನೊಂದು ತಪ್ಪಿಗೆ ಜಾರಿ, ಮೂಲಾರ್ಥ ಗಡಿಬಿಡಿಯಾದ ಮೇಲೆ ಕನ್ನಡದ ಬಳಕೆಯೇ ಅಶುದ್ಧವೆಂದು ತೀರ್ಪು ಕೊಡುವುದುಂಟು. ಇದು ಮೊದಲಿನದಕ್ಕಿಂತ ಹೆಚ್ಚು ಹಾನಿಕರವಾದ ಕಲ್ಪನೆ. ಆ ಅಳತೆಗೋಲನ್ನೇ ಹಿಡಿದರೆ ‘ರಥೋತ್ಸವ ವಿಜೃಂಭಣೆಯಿಂದ ನಡೆಯಿತು’ ಎಂದು ಯಾರೂ ಬರೆಯುವಂತಿಲ್ಲ, ಏಕೆಂದರೆ ವಿಜೃಂಭಣೆಯ ಮೂಲದಲ್ಲಿರುವುದು ಆಕಳಿಸುವುದು, ಬಾಯಿ ಅಗಲಿಸುವುದು ಎಂಬ ಅರ್ಥ. ಪದಕ್ಕೆ ಅರ್ಥ ಬರುವುದು ಅದನ್ನು ಆಡುವ ಜನರಿಂದ. ಅಲ್ಲದೆ, ಕನ್ನಡದ ಸಂಭ್ರಮವು ತನ್ನ ಹಳೆಯ ಚಲನೆಯನ್ನು ಬಿಟ್ಟುಕೊಟ್ಟೂ ಇಲ್ಲ. ಮದುವೆಯ ಹಿಂದಿನ ಸಂಜೆಯ ಮನೆಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ: ಅಂಗಳದಲ್ಲಿ ಚಪ್ಪರಕ್ಕೆ ಮಾವಿನ ಸೊಪ್ಪು ಕಟ್ಟುವವರು ಹಗ್ಗ ಸಾಲದೆ ಕೂಗುತ್ತಿರುತ್ತಾರೆ, ಹಿತ್ತಲಲ್ಲಿ ಅಡುಗೆಯವರು ಹೊಸ ಒಲೆ ಹೂಡುತ್ತಿರುತ್ತಾರೆ, ಒಳಗೆ ವಧುವಿನ ತಾಯಿ ಬೀರುವಿನ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಅದನ್ನು ಮನೆಯೆಲ್ಲ ಹುಡುಕುತ್ತಿರುತ್ತಾಳೆ. ಆ ಗಡಿಬಿಡಿಯೊಳಗೇ ಅವಳ ಹಿಗ್ಗೂ ಇದೆ. ಗಾಬರಿಯಿಂದ ಹಬ್ಬದವರೆಗೆ ಈ ಪದ ನಡೆದುಬಂದದ್ದು ಇಂತಹ ಮನೆಗಳ ಮೂಲಕವೇ ಎಂದು ಧಾರಾಳವಾಗಿ ಹೇಳಬಹುದು.

ಸಂಭ್ರಮವೂ ಸಂತೋಷವೂ ಒಂದೇ ಎಂಬ ಭಾವನೆಯಂತೂ ದಿನನಿತ್ಯದ ವಾಕ್ಯಗಳನ್ನೇ ಕೆಡಿಸುತ್ತಿದೆ. ಸಂತೋಷದ ಬೇರಿನಲ್ಲಿರುವ ‘ತುಷ್’ ಧಾತುವು ತೃಪ್ತಿಯನ್ನು ಹೇಳುತ್ತದೆ. ಸಂತೋಷವು ಒಬ್ಬರ ಒಳಗೆ, ಯಾರಿಗೂ ಕಾಣದಂತೆ, ಸುಮ್ಮನೆ ಕುಳಿತಿರಬಲ್ಲುದು; ಸಂಭ್ರಮಕ್ಕೆ ಓಡಾಟ ಬೇಕು, ಸದ್ದು ಬೇಕು, ಅದು ಕಣ್ಣಿಗೆ ಬೀಳಬೇಕು. ‘ಮಗನ ಪತ್ರ ಓದಿ ಅಜ್ಜಿಗೆ ಸಂತೋಷವಾಯಿತು’ ಎಂಬಲ್ಲಿ ಸಂಭ್ರಮವನ್ನು ತಂದಿಟ್ಟರೆ ವಾಕ್ಯ ಒಪ್ಪುವುದಿಲ್ಲ. ಅದೇ ಮಗ ಹತ್ತು ವರ್ಷಗಳ ಮೇಲೆ ಬರುತ್ತಾನೆಂದು ತಿಳಿದು ಅಜ್ಜಿ ಹಪ್ಪಳದ ಡಬ್ಬಿ ಇಳಿಸುತ್ತ, ಬೀದಿಯವರಿಗೆಲ್ಲ ಸುದ್ದಿ ಹೇಳುತ್ತ ತಿರುಗಿದರೆ ‘ಅಜ್ಜಿಯ ಸಂಭ್ರಮ ನೋಡಬೇಕಿತ್ತು’ ಎನ್ನುವುದೇ ಸರಿ. ಜನಸಂದಣಿ ಇದ್ದಲ್ಲಿ ಮಾತ್ರ ಈ ಪದ ಸಲ್ಲುತ್ತದೆಂಬುದೂ ನಿಜವಲ್ಲವೆಂಬುದಕ್ಕೆ, ಹೊಸ ಲಂಗ ತೊಟ್ಟು ಒಂದೇ ಸಮನೆ ಗಿರಗಿರ ತಿರುಗುವ ಪುಟ್ಟ ಹುಡುಗಿಯೇ ಸಾಕ್ಷಿ. ಅವಳಲ್ಲಿ ಧಾತುವಿನ ಅರ್ಥವೂ ಕನ್ನಡದ ಅರ್ಥವೂ ಒಟ್ಟಿಗೆ ಕಾಣುತ್ತವೆ.

ಕ್ರಿಯಾಪದದಲ್ಲಿ ಆಗುತ್ತಿರುವ ತಪ್ಪು ಹೊಸದು. ‘ಗೆಲುವನ್ನು ಸಂಭ್ರಮಿಸಿದರು’, ‘ಬದುಕನ್ನು ಸಂಭ್ರಮಿಸಿ’ ಎಂಬ ವಾಕ್ಯಗಳು ಇಂಗ್ಲಿಷಿನ ಎರಕದಲ್ಲಿ ಹೊಯ್ದವು. ಸಂಭ್ರಮಿಸು ಎಂಬುದು ನಲಿ, ಹಿಗ್ಗು ಎಂಬವುಗಳಂತೆ ಅಕರ್ಮಕ, ಎಂದರೆ ‘ಅನ್ನು’ ಪ್ರತ್ಯಯ ಹತ್ತಿದ ಕರ್ಮಪದವನ್ನು ಬೇಡದ ಕ್ರಿಯಾಪದ. ‘ಗೆದ್ದು ಸಂಭ್ರಮಿಸಿದರು’ ಎಂದರೆ ಸಾಕು. ಹಬ್ಬವನ್ನು ‘ಆಚರಿಸುವುದು’ ಶಿಷ್ಟ, ‘ಮಾಡುವುದು’ ಗ್ರಾಮ್ಯ ಎಂಬ ಎಣಿಕೆಗೂ ಆಧಾರವಿಲ್ಲ. ‘ಹಬ್ಬ ಮಾಡಿದಿರಾ?’ ಎಂಬ ಪ್ರಶ್ನೆಯಲ್ಲಿ ಪೂಜೆ, ಅಡುಗೆ, ನೆಂಟರು ಎಲ್ಲವೂ ಅಡಗಿದ್ದು, ಅಷ್ಟು ತುಂಬಿದ ಮಾತನ್ನು ‘ಆಚರಿಸಿದಿರಾ’ ಎಂಬುದು ತೆಳುವಾಗಿಸುತ್ತದೆ.

ಹಬ್ಬವು ಅಚ್ಚಗನ್ನಡ ಪದವೆಂಬ ನಂಬಿಕೆಯನ್ನೂ ಇಲ್ಲಿ ತಿದ್ದಬಹುದು. ಸಂಸ್ಕೃತದ ‘ಪರ್ವ’, ಅಂದರೆ ಗಿಣ್ಣು, ಕಾಲದ ಸಂಧಿ, ಪಬ್ಬವಾಗಿ ಮುಂದೆ ಪಕಾರವು ಹಕಾರವಾದಾಗ ಹಬ್ಬವಾಯಿತು. ತುಳುವಿನಲ್ಲಿ ಅದು ಇಂದಿಗೂ ‘ಪರ್ಬ’. ಅದರ ಜೊತೆಗಾರನಾದ ‘ಹರಿದಿನ’ವನ್ನು ವ್ಯರ್ಥವಾದ ಪ್ರಾಸವೆಂದು ಎಣಿಸುವವರು, ಹರಿದಿನವೆಂದರೆ ಏಕಾದಶಿ, ಉಪವಾಸದ ದಿನ, ಎಂಬುದನ್ನು ಮರೆತಿದ್ದಾರೆ. ಉಣ್ಣುವ ದಿನವನ್ನೂ ಉಣ್ಣದ ದಿನವನ್ನೂ ಒಂದೇ ಉಸಿರಿನಲ್ಲಿ ಹೇಳುವ ಈ ಜೋಡುನುಡಿಯ ಸೊಗಸು ದೊಡ್ಡದು.

ಕೊನೆಯದಾಗಿ, ಪಂಚಾಂಗದಲ್ಲಿ ಕೆಂಪಕ್ಷರವಿರುವ ದಿನವೆಲ್ಲ ಸಂಭ್ರಮದ ದಿನವೆಂಬ ಊಹೆಯಿಂದ ‘ಎಲ್ಲೆಡೆ ಮೊಹರಂ ಸಂಭ್ರಮ’ ಎಂಬಂತಹ ತಲೆಬರಹಗಳು ಹುಟ್ಟುತ್ತವೆ. ಮೊಹರಂ ತಿಂಗಳ ಹತ್ತನೆಯ ದಿನವು ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಇಮಾಮ್ ಹುಸೇನರು ಹತರಾದ ದಿನ. ರಾಯಚೂರು ಜಿಲ್ಲೆಯ ಮುದಗಲ್ಲಿನಲ್ಲಿ ಹಿಂದೂಗಳೂ ಮುಸ್ಲಿಮರೂ ಕೂಡಿ ಅಲಾಯಿ ದೇವರನ್ನು ಹೊರಡಿಸುವಾಗ, ಹಲಗೆಯ ಬಡಿತಕ್ಕೆ ಹೆಜ್ಜೆ ಹಾಕುವಾಗ ಸಂಭ್ರಮವೆಂಬ ಪದ ತಪ್ಪಾಗದು. ಆದರೆ ಗೌರಿಬಿದನೂರು ತಾಲ್ಲೂಕಿನ ಅಲೀಪುರದಲ್ಲಿ, ಶಿಯಾ ಜನರು ಕಪ್ಪು ಬಟ್ಟೆ ತೊಟ್ಟು ಎದೆ ಬಡಿದುಕೊಂಡು ಅಳುವ ಅದೇ ದಿನಕ್ಕೆ ಆ ಪದವನ್ನು ಬಳಸುವುದು ಅಳುವವರನ್ನು ನೋಯಿಸುತ್ತದೆ. ಅಲ್ಲಿ ಬರೆಯಬೇಕಾದದ್ದು ‘ಶೋಕಾಚರಣೆ’ ಎಂದು.