ಆಟ ಆಡುವ ಮಕ್ಕಳು ಆಟ ಕಟ್ಟಲಿ

ಮಕ್ಕಳು ಮೊಬೈಲ್ ಬಿಟ್ಟೇಳುವುದಿಲ್ಲವೆಂಬ ದೂರು ನಮ್ಮ ಬೆಳೆಗಾರರ ಮನೆಗಳಲ್ಲಿ ಸಾಮಾನ್ಯ. ಆಟ ಬಿಡಿಸುವುದಕ್ಕಿಂತ, ಆಟವನ್ನು ಅವರಿಂದಲೇ ಕಟ್ಟಿಸುವುದು ಮೇಲೆಂದು ನಮಗೆ ತೋರುತ್ತದೆ.

ಅದಕ್ಕೆ ‘ಸ್ಕ್ರ್ಯಾಚ್’ ಎಂಬ ಸಾಧನವಿದೆ. ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ ಮಿಚೆಲ್ ರೆಸ್ನಿಕ್ ಅವರ ತಂಡ 2007ರಲ್ಲಿ ಹೊರತಂದದ್ದು. 8ರಿಂದ 16 ವರ್ಷದವರಿಗೆಂದು ರೂಪಿಸಿದ್ದು, ಪೂರ್ತಿ ಉಚಿತ. ಕೋಡಿಂಗ್ ತರಗತಿಯೆಂದು ಸಾವಿರಾರು ರೂಪಾಯಿ ಕೇಳುವವರಿಗೆ ಹಣ ಕಟ್ಟುವ ಮುನ್ನ ಸದಸ್ಯ ಬಾಂಧವರು ಇದನ್ನು ಗಮನಿಸಬೇಕು. ಲ್ಯಾಪ್‌ಟಾಪಿಗೆ ಒಮ್ಮೆ ಇಳಿಸಿಕೊಂಡರೆ, ಮಳೆಗಾಲದಲ್ಲಿ ನೆಟ್‌ವರ್ಕ್ ಹೋದರೂ ಕೆಲಸ ನಿಲ್ಲದು.

ಆಜ್ಞೆಗಳನ್ನು ಟೈಪು ಮಾಡಬೇಕಿಲ್ಲ. ಬಣ್ಣದ ತುಂಡುಗಳನ್ನು ಒಂದರ ಕೆಳಗೊಂದು ಕೂಡಿಸಿದರಾಯಿತು. ಹೊಂದದ ತುಂಡು ಕೂರುವುದೇ ಇಲ್ಲ.

ಬೀಳುವ ಅಡಿಕೆಯನ್ನು ಬುಟ್ಟಿಯಲ್ಲಿ ಹಿಡಿಯುವ ಆಟವನ್ನೇ ತೆಗೆದುಕೊಳ್ಳಿ. ಪರದೆಯ ಎತ್ತರ 360, ನಡುವೆ ಸೊನ್ನೆ. ಅಡಿಕೆ 180ರಿಂದ ಹೊರಟು ಪ್ರತಿ ಸಲ 5 ಇಳಿಯುತ್ತ, ಸೊನ್ನೆ ದಾಟಿ ಋಣಸಂಖ್ಯೆಗೆ ಬರುತ್ತದೆ. ‘ಬುಟ್ಟಿಗೆ ತಾಗಿದರೆ ಅಂಕ 1 ಹೆಚ್ಚಿಸು’ ಎಂದಷ್ಟೇ ಜೋಡಿಸಿದರೆ ಒಂದೇ ಅಡಿಕೆಗೆ ಹಲವು ಅಂಕ ಬೀಳುತ್ತವೆ! ತಾಗಿರುವಷ್ಟು ಹೊತ್ತೂ ಗಣಕಯಂತ್ರ ಪದೇ ಪದೇ ಎಣಿಸುವುದೇ ಕಾರಣ; ಒಂದೇ ಚೀಲವನ್ನು ತಕ್ಕಡಿಗೆ ಮತ್ತೆ ಮತ್ತೆ ಹಾಕಿದಂತೆ. (ಅಂಥ ತಕ್ಕಡಿ ನಮಗೂ ಸಿಗಬಾರದೇ!) ತಾಗಿದೊಡನೆ ಅಡಿಕೆಯನ್ನು ಮೇಲಕ್ಕೆ ಕಳಿಸಿದರೆ ಲೆಕ್ಕ ಸರಿಹೋಗುತ್ತದೆ. ಇದನ್ನು ಮಾತ್ರ ದೊಡ್ಡವರು ಹೇಳಿಕೊಡಬಾರದು. ಅರ್ಧ ದಿನ ಹೋದರೂ ಮಗುವೇ ಹುಡುಕಲಿ. ಕಲಿಕೆ ಇರುವುದೇ ಅಲ್ಲಿ.

ಆಟ ಸಿದ್ಧವಾದ ಮೇಲೆ ಮನೆಯ ಅಜ್ಜ, ಅಜ್ಜಿ ಆಡಿ ನೋಡಲಿ. ಅವರ ಕೈಗೆ ಅಡಿಕೆ ಸಿಗದಿದ್ದರೆ ಮಗು 5ನ್ನು 3ಕ್ಕೆ ಇಳಿಸಲಿ.